ಹುಡುಗರಿಗೆ ಮಗ್ಗ, ಹುಡುಗಿಯರಿಗೆ ಮದುವೆ

ನನಗೆ ಹದಿನಾರು ತುಂಬಿದ ತಿಂಗಳು ಅಂಚೆಯವನು ನಮ್ಮ ಮನೆ ಮುಂದೆ ನಿಲ್ಲದೆ ಹೊರಟುಹೋದ. ಅಲ್ಲಿಯವರೆಗೆ ಅವನು ತಿಂಗಳಿಗೊಮ್ಮೆ ಮನಿಯಾರ್ಡರ್ ತಂದು ಕೊಡುತ್ತಿದ್ದ. ಅದು ನನ್ನ ಅನ್ನದ ದುಡ್ಡು. ಬೆಂಗಳೂರಿನ ಒಂದು ಅನಾಥಾಲಯ ಅದನ್ನು ಕಳಿಸುತ್ತಿತ್ತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಕ್ಕಳಿಲ್ಲದ ಗಂಡ ಹೆಂಡತಿ ಅದನ್ನು ತೆಗೆದುಕೊಂಡು ನನ್ನನ್ನು ಸಾಕುತ್ತಿದ್ದರು. ನಾನು ಅವರನ್ನು ಅಪ್ಪ, ಅವ್ವ ಎನ್ನುತ್ತಿದ್ದೆ. ಹೆತ್ತವರು ಪ್ಲೇಗಿನಲ್ಲಿ ಹೋದರಂತೆ. ಅವರ ಮುಖ ನನಗೆ ನೆನಪಿಲ್ಲ, ನೆನಪಿದೆ ಎಂದು ಸುಳ್ಳು ಹೇಳುವ ಆಸೆಯೂ ಇಲ್ಲ.

ಆ ಮನಿಯಾರ್ಡರನ್ನು ಬೀದಿಯವರು ಒಂದು ದಿನವೂ ಮರೆತವರಲ್ಲ. ನಾನು ನೀರಿಗೆ ಹೋದರೆ ಬಾವಿಕಟ್ಟೆಯ ಹತ್ತಿರ ಯಾರಾದರೊಬ್ಬಳು ಕೇಳಿಯೇ ತೀರುತ್ತಿದ್ದಳು: “ದುಡ್ಡು ನಿಂತ್ಮೇಲೆ ಎಲ್ಲಿಗೆ ಹೋಗ್ತೀಯೇ ಹುಡುಗಿ?” ನನ್ನ ಬಾಯಿ ಜೋರು. “ನಿಮ್ಮನೆಗೇ ಬರ್ತೀನಿ, ಚಾಪೆ ಹಾಸಿಡು” ಎಂದು ಕೊಡ ಎತ್ತಿಕೊಂಡು ಬರುತ್ತಿದ್ದೆ. ಬಾಯಿ ಹಾಗೆಂದರೂ ಹೊಟ್ಟೆಯೊಳಗೆ ಅದೇ ಪ್ರಶ್ನೆ ಕೂತಿತ್ತು. ದುಡ್ಡು ನಿಂತ ಮೇಲೆ ಈ ಮನೆಯಲ್ಲಿ ನಾನು ಯಾರು? ಅವ್ವನನ್ನು ನೇರವಾಗಿ ಕೇಳಲು ಧೈರ್ಯ ಸಾಲಲಿಲ್ಲ. ಕೇಳಿದರೆ ಅವಳು ಉತ್ತರ ಕೊಟ್ಟೇಬಿಡುತ್ತಾಳಲ್ಲ ಎಂಬ ಭಯ.

ಅನಾಥಾಲಯದ ಕಾನೂನು ಸರಳವಾಗಿತ್ತು. ಹದಿನಾರು ತುಂಬಿ ಹೊರಗೆ ಬೀಳುವವರಿಗೆ ಒಂದೇ ಒಂದು ಸಲ ಒಂದು ಮೊತ್ತ, ಆಮೇಲೆ ಅವರಾಯಿತು, ಅವರ ಹಣೆಬರಹವಾಯಿತು. ಹುಡುಗರಿಗಾದರೆ ಕಸುಬಿನ ಉಪಕರಣಕ್ಕೆ. ಬಡಗಿ ಕೆಲಸ ಕಲಿತವನಿಗೆ ಉಳಿ ಗರಗಸ, ನೇಯ್ಗೆ ಕಲಿತವನಿಗೆ ಮಗ್ಗ. ಹುಡುಗಿಯರಿಗಾದರೆ ಮದುವೆಗೆ. ಅದನ್ನೂ ಹುಡುಗಿಯ ಕೈಗೆ ಕೊಡುತ್ತಿರಲಿಲ್ಲ. ಚಪ್ಪರದಲ್ಲಿ ತಾಳಿ ಕಟ್ಟಿದ ಮೇಲೆ ಎಲೆ ಅಡಿಕೆಯ ತಟ್ಟೆಯಲ್ಲಿಟ್ಟು ಗಂಡಿಗೆ ಕೊಡುತ್ತಿದ್ದರು. ಮದುವೆ ಇಲ್ಲವೆಂದರೆ ದುಡ್ಡೂ ಇಲ್ಲ. ಆ ಕಾನೂನು ಮಾಡಿದವರು ಕೆಟ್ಟವರಲ್ಲ, ತಮ್ಮ ಸ್ವಂತ ಹೆಣ್ಣುಮಕ್ಕಳಿಗೂ ಅಷ್ಟೇ ಮಾಡಿದ್ದರು. ಆದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು, ಈ ವಯಸ್ಸಿನಲ್ಲಿ ನೆನೆದರೂ ಉರಿಯುತ್ತದೆ.

ಅವ್ವ ಕಾನೂನಿಗೆ ತಕ್ಕ ಹಾಗೆ ಗಂಡು ಹುಡುಕಿಸಿದಳು. ಸಂಬಂಧ ಕುದುರಿದರೆ ಶಿವಗಂಗೆ ಬೆಟ್ಟ ಹತ್ತುತ್ತೇನೆಂದು ಹರಕೆಯನ್ನೂ ಹೊತ್ತಳು. ಬಂದವನು ಹೊಸಕೋಟೆ ಕಡೆಯವನು, ಹೆಂಡತಿ ಸತ್ತವನು, ಮಂಡಿಯಲ್ಲಿ ಗುಮಾಸ್ತ. ಬೆಲ್ಲದ ಕಾಫಿಯ ಲೋಟ ಕೈಗೆ ತೆಗೆದುಕೊಂಡು, ನನ್ನನ್ನು ಒಂದು ಸಲ ನೋಡಿ, ಅಪ್ಪನ ಕಡೆ ತಿರುಗಿ ಕೇಳಿದ: “ಆಶ್ರಮದೋರು ದುಡ್ಡು ಚಪ್ಪರದಲ್ಲೇ ಕೊಡ್ತಾರೋ, ಇಲ್ಲ ಆಮೇಲೆ ಓಡಾಡಿಸ್ತಾರೋ?”

ಬಾಗಿಲ ಸಂದಿಯಿಂದ ನಾನೇ ಉತ್ತರ ಕೊಟ್ಟೆ. “ಆ ದುಡ್ಡಿಗೇ ತಾಳಿ ಕಟ್ಕೊಂಡು ಹೋಗಣ್ಣ. ಅದಕ್ಕೆ ಸೀರೆ ಕೊಡ್ಸೋ ಖರ್ಚೂ ಇರಲ್ಲ.”

ಅವನು ಅರ್ಧ ಕಾಫಿ ಬಿಟ್ಟು ಎದ್ದ. ಅವ್ವ ಅವನು ಬೀದಿ ತಿರುವು ದಾಟುವವರೆಗೆ ತಡೆದುಕೊಂಡಿದ್ದು, ಆಮೇಲೆ ಶುರುಮಾಡಿದಳು. “ಬಾಯಲ್ಲ ಅದು, ಬೊಂಬಾಯಿ! ಕುಲ ಗೊತ್ತಿಲ್ಲ, ಗೋತ್ರ ಗೊತ್ತಿಲ್ಲ, ಅಂಥಾದ್ರಲ್ಲಿ ಒಬ್ಬ ಮನೆ ಬಾಗ್ಲಿಗೆ ಬಂದ್ರೆ ಓಡಿಸ್ಬಿಟ್ಯಲ್ಲೇ! ನಾಳೆ ನಾವು ಕಣ್ಣು ಮುಚ್ಚಿದ್ರೆ ಯಾರೇ ನಿನಗೆ ದಿಕ್ಕು?”

“ನಂಗೆ ಮದ್ವೆ ಬ್ಯಾಡ, ಮಗ್ಗ ಬೇಕು” ಎಂದೆ. ಆ ಮಾತು ಮನಸ್ಸಿನಲ್ಲಿ ಯಾವಾಗಿಂದ ಇತ್ತೋ, ಬಾಯಿಂದ ಹೊರಬಂದದ್ದು ಅಂದೇ.

ಯಾಕೆ ಮಗ್ಗ ಎಂದು ಹೇಳಬೇಕು. ಅದು ಯುದ್ಧದ ಕಾಲ. ನೂಲು ಬೇಕಾದಷ್ಟು ಸಿಗುತ್ತಿರಲಿಲ್ಲ, ಮಗ್ಗಕ್ಕೆ ಇಷ್ಟು ಎಂದು ಅಳೆದು ಕೊಡುತ್ತಿದ್ದರು. ನಮ್ಮ ಮನೆಯಲ್ಲಿದ್ದದ್ದು ಒಂದೇ ಮಗ್ಗ. ಅದರ ಪಾಲಿನ ನೂಲು ಮುಗಿದರೆ ಉಳಿದ ದಿನ ಕೈಕಟ್ಟಿ ಕೂರಬೇಕು. ಅದರಲ್ಲಿ ಮೂರು ಹೊಟ್ಟೆ ತುಂಬುವುದು ಕಷ್ಟ, ನನ್ನ ದುಡ್ಡು ನಿಂತ ಮೇಲಂತೂ ಆಗದ ಮಾತು. ನನ್ನ ಹೆಸರಿನಲ್ಲಿ ಇನ್ನೊಂದು ಮಗ್ಗವಿದ್ದರೆ ನನ್ನ ಪಾಲಿನ ನೂಲು ಬರುತ್ತದೆ. ನನ್ನ ಅನ್ನ ನಾನು ದುಡಿದು ತಿಂದು ಆ ಮನೆಯಲ್ಲೇ ಉಳಿಯಬಹುದು. ನನಗೆ ಬೇಕಿದ್ದದ್ದು ಅಷ್ಟೇ.

ಆದರೆ ನಮ್ಮ ಬೀದಿಯಲ್ಲಿ ಹೆಂಗಸರು ನೇಯುತ್ತಿರಲಿಲ್ಲ. ನಮ್ಮವು ಗುಂಡಿ ಮಗ್ಗಗಳು. ನೆಲದಲ್ಲಿ ಮಂಡಿಯಾಳಕ್ಕೆ ಗುಂಡಿ ತೋಡಿ, ನೇಯುವವನು ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ತುಳಿಯುತ್ತ, ಕೈಯಲ್ಲಿ ಹಲಗೆ ಎಳೆದು ಎಳೆಗಳನ್ನು ಬಡಿದು ಕೂರಿಸಬೇಕು. ನೂಲು ಸುತ್ತುವುದು, ಗಂಜಿ ಹಾಕುವುದು, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ತುಂಬುವುದು ಎಲ್ಲ ಹೆಂಗಸರ ಕೆಲಸ. ಗುಂಡಿಗೆ ಇಳಿಯುವುದು ಮಾತ್ರ ಗಂಡಸರದು. ಹೆಂಗಸಿನ ಕಾಲು ಗುಂಡಿಗೆ ಬಿದ್ದರೆ ಮನೆಗೆ ಏಳಿಗೆಯಿಲ್ಲ ಎನ್ನುತ್ತಿದ್ದರು. ಗಂಡಸರ ಕಾಲು ಬಿದ್ದ ಮನೆಗಳು ಯಾವ ಏಳಿಗೆ ಕಂಡಿದ್ದವೋ ದೇವರೇ ಬಲ್ಲ.

ನಾನು ಗುಂಡಿಗೆ ಇಳಿದದ್ದು ಅಪ್ಪನ ಉಬ್ಬಸದಿಂದ. ಒಂದು ಮಾಗಿಯಲ್ಲಿ ಅವನಿಗೆ ಉಸಿರು ಕಟ್ಟಿ ಹಲಗೆ ಎಳೆಯಲು ಆಗದಂತಾಯಿತು. ಚಿಕ್ಕಪೇಟೆಯ ಸಾಹುಕಾರರಿಗೆ ಒಪ್ಪಿದ ಸೀರೆ ಅರ್ಧಕ್ಕೇ ನಿಂತಿತ್ತು. ಅಪ್ಪ ಬಾಗಿಲು ಹಾಕಿಸಿ, ಗೋಡೆಗೆ ಒರಗಿ ಕೂತು, ನನ್ನ ಕಡೆ ನೋಡದೆ “ಇಳಿಯೇ” ಎಂದ. ಚಿಕ್ಕಂದಿನಿಂದ ಪಕ್ಕದಲ್ಲಿ ಕೂತು ಕಂಡಿಕೆ ತುಂಬಿದವಳಿಗೆ ಕೈ ಕಾಲಿನ ಕೆಲಸ ಬೇಗ ಹಿಡಿಯಿತು. ಕಷ್ಟವಾದದ್ದು ಸದ್ದು.

ನೇಕಾರರ ಬೀದಿಯಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ಯಾರ ಮನೆಯ ಮುಂದಿದ್ದೇವೆ ಎಂದು ಗೊತ್ತಾಗುತ್ತಿತ್ತು. ಒಬ್ಬೊಬ್ಬರ ಹಲಗೆಯ ಬಡಿತ ಒಂದೊಂದು ತರಹ. ಅಪ್ಪನದು ಎರಡು ಗಟ್ಟಿ ಬಡಿತ, ಆಮೇಲೆ ಉಸಿರೆಳೆದುಕೊಳ್ಳಲು ತುಸು ತಡ, ಮತ್ತೆ ಒಂದು ಮೆಲ್ಲನೆಯ ಬಡಿತ. ನಾನು ನನ್ನ ಮನಸ್ಸಿಗೆ ಬಂದಂತೆ ಬಡಿದರೆ ಬೀದಿಗೆಲ್ಲ ಗುಟ್ಟು ರಟ್ಟಾಗುತ್ತಿತ್ತು. ಹಾಗಾಗಿ ಅಪ್ಪ ತನ್ನ ಬಡಿತವನ್ನೇ ಕಲಿಸಿದ. “ಇಲ್ಲಿ ಉಸಿರು ಎಳ್ಕೋ. ಹೂಂ, ಈಗ ಬಡಿ.” ಕುದುರೆಯಂತಿದ್ದ ಹುಡುಗಿ ನಾನು, ಇಲ್ಲದ ಉಬ್ಬಸವನ್ನು ಕಲಿತೆ. ಸುಮಾರು ಎರಡು ವರ್ಷ ನಮ್ಮ ಮನೆಯ ಸೀರೆಗಳಲ್ಲಿ ಹೆಚ್ಚಿನವನ್ನು ನೇಯ್ದವಳು ನಾನು, ಹೆಸರು ಅಪ್ಪನದು. ಬೀದಿಗೆ ಸುಳಿವೇ ಸಿಗಲಿಲ್ಲ.

ಗಂಡು ಓಡಿಹೋದ ಮೇಲೆ ನಾನು ಅವ್ವನನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ಮಗ್ಗ, ನೀರಿಗೆ ಹೋದರೆ ಮಗ್ಗ. ಕೊನೆಗೆ ಅವಳು ನನ್ನ ಕಾಟ ತಡೆಯಲಾರದೆ ಬೆಳಗಿನ ರೈಲಿಗೆ ನನ್ನನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟಳು. ದಾರಿಯುದ್ದಕ್ಕೂ ಬೈದಳು. ರೈಲಿನಲ್ಲಿ ಪಕ್ಕದವರಿಗೆಲ್ಲ ನನ್ನ ಹಟದ ವರದಿ ಒಪ್ಪಿಸಿದಳು. ಅನಾಥಾಲಯದ ಮೆಟ್ಟಿಲು ಹತ್ತುವಾಗ ಮಾತ್ರ ಬಾಯಿ ಮುಚ್ಚಿ ನನ್ನ ಕೈ ಹಿಡಿದುಕೊಂಡಳು.

ಅಲ್ಲಿಯ ಕಾರ್ಯದರ್ಶಿಗಳು ಸರ್ಕಾರಿ ನೌಕರಿ ಮುಗಿಸಿ ಬಂದ ಹಿರಿಯರು, ರುಮಾಲು ಸುತ್ತಿ ಮುಚ್ಚುಕೊರಳಿನ ಕೋಟು ತೊಟ್ಟವರು. ನನ್ನ ಮಾತು ಕೇಳಿ ಅವರಿಗೆ ಕೋಪ ಬರಲಿಲ್ಲ, ಆಶ್ಚರ್ಯವಾಯಿತು.

“ಹುಡುಗಿಯರಿಗೆ ಉಪಕರಣ ಕೊಟ್ಟ ಉದಾಹರಣೆಯೇ ಇಲ್ಲವಲ್ಲಮ್ಮ.”

“ಯಾರಾದ್ರೂ ಕೇಳಿದ್ದು ಉಂಟಾ ಸ್ವಾಮಿ?”

ಅವರು ಸ್ವಲ್ಪ ಯೋಚಿಸಿ “ಇಲ್ಲ” ಎಂದರು. “ನೋಡು, ಮಗ್ಗ ಕೊಡಿಸಿ ಅದು ಮೂಲೆ ಸೇರಿದರೆ ನಾಳೆ ಕಮಿಟಿಯವರು ನನ್ನ ಕತ್ತು ಹಿಡೀತಾರೆ. ನಿನಗೆ ಕಸುಬು ನಿಜವಾಗಿ ಬರುತ್ತೆ ಅಂತ ನಿಮ್ಮ ಬೀದಿಯ ಯಜಮಾನರು ನನ್ನ ಎದುರಿಗೆ ಹೇಳಲಿ. ಹುಡುಗರಿಗೂ ನಾವು ಹಾಗೇ ಮಾಡೋದು. ಅವರು ಹೇಳಿದರೆ ಕೊಡಿಸ್ತೀನಿ. ಇಲ್ಲದಿದ್ದರೆ ನಮ್ಮ ಕಾನೂನಿನಂತೆ ಮದುವೆ ಮಾಡ್ಕೊ.” ತಾವೇ ದೊಡ್ಡಬಳ್ಳಾಪುರಕ್ಕೆ ಬರುವುದಾಗಿ ದಿನವನ್ನೂ ಗೊತ್ತುಮಾಡಿದರು.

ಮನೆಗೆ ಬಂದು ಹೇಳಿದಾಗ ಅಪ್ಪ ಕುಸಿದು ಕೂತ. ಯಜಮಾನರೆಂದರೆ ನಮ್ಮ ಬೀದಿಯ ನ್ಯಾಯ ಹೇಳುವ ಮುದುಕರು. ಅವರ ಮುಂದೆ ಹೋಗಿ ನಮ್ಮ ಮನೆಯ ಗುಂಡಿಯಲ್ಲಿ ಹೆಣ್ಣು ಕೂರುತ್ತಾಳೆ ಎಂದು ಅಪ್ಪ ತನ್ನ ಬಾಯಿಂದಲೇ ಹೇಳಬೇಕು. “ನನ್ನ ಮಾನ ತೆಗ್ದೆ ಕಣೇ” ಎಂದ.

“ನಿನ್ನ ಮಾನ ಉಳ್ಸೋಕೆ ಎರಡು ವರ್ಷ ನಿನ್ನ ಉಬ್ಬಸ ಬಡಿದಿದ್ದೀನಿ” ಎಂದೆ. “ಈಗ ನೀನು ನನ್ನ ಅನ್ನ ಉಳ್ಸು.”

ಅಪ್ಪ ಕೆಲವು ದಿನ ನನ್ನೊಡನೆ ಮಾತು ಬಿಟ್ಟ. ಮಾತು ಬಿಟ್ಟರೂ, ಒಂದು ಬೆಳಿಗ್ಗೆ ಅಂಗವಸ್ತ್ರ ಹೆಗಲಿಗೆ ಹಾಕಿಕೊಂಡು ಯಜಮಾನರ ಮನೆಗೆ ಹೋದ. ಪೂರ್ತಿ ನಿಜ ಹೇಳಲು ಅವನಿಂದ ಆಗಲಿಲ್ಲ. ಹುಡುಗಿ ಒಂದಿಷ್ಟು ನೇಯ್ಗೆ ಕಲಿತಿದ್ದಾಳೆ, ಬಂದು ನೋಡಬೇಕು ಎಂದಷ್ಟೇ ಹೇಳಿದನಂತೆ. ಯಜಮಾನರು ಗುಡುಗಿದರಂತೆ, ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸಲೂ ಮನಸ್ಸು ಬಾರದೆ ಒಂದು ದಾರಿ ಹೇಳಿದರಂತೆ: “ಹೆಂಗಸು ಗುಂಡೀಲಿ ಕೂತಿರೋದನ್ನ ನಾನು ಕಣ್ಣಲ್ಲಿ ನೋಡಲ್ಲ. ಜಗಲಿ ಮೇಲೆ ಕೂತು ಕಿವೀಲಿ ಕೇಳ್ತೀನಿ. ನನಗೆ ಅಷ್ಟು ಸಾಕು.” ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಇದೇ.

ಆ ದಿನ ಕಾರ್ಯದರ್ಶಿಗಳು ಹೇಳಿದ್ದಕ್ಕಿಂತ ಮುಂಚೆಯೇ ಬಂದರು, ಅವರ ಹಿಂದೆಯೇ ಯಜಮಾನರೂ ಬಂದರು. ಮನೆಯಲ್ಲಿ ಎಲೆ ಅಡಿಕೆ ಇರಲಿಲ್ಲ. ದೊಡ್ಡವರು ಮನೆಗೆ ಬಂದಾಗ ಎಲೆ ಅಡಿಕೆ ಇಲ್ಲದಿದ್ದರೆ ಹೇಗೆ? ಅವ್ವ ಅಪ್ಪನನ್ನು ಹಿತ್ತಿಲ ಬಾಗಿಲಿನಿಂದ ಪೇಟೆಗೆ ಓಡಿಸಿದಳು. ಬಂದವರನ್ನು ಎದುರಿಸುವುದು ಸ್ವಲ್ಪ ಹೊತ್ತಾದರೂ ತಪ್ಪಿತಲ್ಲ ಎಂದು ಅಪ್ಪನೂ ಸಂತೋಷವಾಗಿಯೇ ಹೋದ. ನಾನು ಗುಂಡಿಗೆ ಇಳಿದು, ದೇವರನ್ನು ನೆನೆದು ಹಲಗೆ ಎಳೆದೆ.

ಮುಂದೆ ಜಗಲಿಯಲ್ಲಿ ಆದದ್ದು ನನಗೆ ಆಗ ಕೇಳಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವ ಅದನ್ನು ಆಮೇಲೆ ಜೀವಮಾನವಿಡೀ ಹೇಳಿದಳು.

ಯಜಮಾನರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರಂತೆ. ಅವರ ಮುಖ ಕೆಂಪಗಾಯಿತಂತೆ. “ಯಾರಿಗಮ್ಮ ಟೋಪಿ ಹಾಕ್ತಿದೀಯ?” ಎಂದು ಅವ್ವನ ಮೇಲೆ ಹರಿಹಾಯ್ದರಂತೆ. “ಒಳಗೆ ನೇಯ್ತಿರೋನು ನಿನ್ನ ಗಂಡ. ಆ ಉಬ್ಬಸದ ಬಡಿತ ಇಡೀ ಬೀದಿಗೆ ಗೊತ್ತೈತೆ. ನನಗೇ ಮೋಸ ಮಾಡಕ್ಕೆ ನೋಡ್ತೀರಾ? ಪರಊರಿನವರ ಮುಂದೆ ಬೀದಿ ಮರ್ಯಾದೆ ಕಳೀತೀರಾ?”

ತಪ್ಪು ನನ್ನ ಕೈಗಳದು. ಅಂದು ನಾನು ನನ್ನ ಸ್ವಂತ ಬಡಿತ ಬಡಿಯಬೇಕಿತ್ತು, ಅದು ನನಗೆ ಹೊಳೆಯಲೇ ಇಲ್ಲ. ನನ್ನ ಕೈಗಳಿಗೆ ಗೊತ್ತಿದ್ದದ್ದು ಅಪ್ಪನ ಬಡಿತ ಒಂದೇ.

ಅವ್ವ ಗಂಡ ಮನೆಯಲ್ಲೇ ಇಲ್ಲ ಎಂದು ತಾಯಾಣೆ, ದೇವರಾಣೆ ಎಲ್ಲ ಇಟ್ಟಳಂತೆ. ಯಜಮಾನರು ನಂಬಲಿಲ್ಲ. ಕಾರ್ಯದರ್ಶಿಗಳ ಮುಖ ಗಂಟಾಯಿತು. ತಾವೇ ಒಳಗೆ ನೋಡಿಬರುತ್ತೇನೆಂದು ಅವರು ಚಪ್ಪಲಿ ಬಿಚ್ಚುತ್ತಿದ್ದಾಗ, ಬೀದಿಯ ಆ ತುದಿಯಿಂದ ಅಪ್ಪ ಎಲೆಯ ಕಟ್ಟು ಹಿಡಿದುಕೊಂಡು ಏದುಸಿರು ಬಿಡುತ್ತ ಬಂದ.

ಯಜಮಾನರು ಅಪ್ಪನನ್ನು ನೋಡಿದರಂತೆ, ಬಾಗಿಲನ್ನು ನೋಡಿದರಂತೆ, ಮತ್ತೆ ಅಪ್ಪನನ್ನು ನೋಡಿದರಂತೆ. ಒಳಗೆ ಹಲಗೆ ಎರಡು ಬಡಿದು, ಉಸಿರೆಳೆದುಕೊಂಡು, ಮತ್ತೊಂದು ಬಡಿಯುತ್ತಲೇ ಇತ್ತು.

“ಲೇ, ನೀನು ಇಲ್ಲಿದ್ರೆ ಒಳಗೆ ಉಬ್ಬಸ ಪಡ್ತಿರೋರು ಯಾರೋ?”

ಅಪ್ಪನಿಗೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಲೆಯ ಕಟ್ಟನ್ನು ಜಗಲಿಯ ಮೇಲಿಟ್ಟು ಕೈ ಮುಗಿದ. “ಅವಳೇ ಯಜಮಾನ್ರೇ. ಎರಡು ವರ್ಷದಿಂದ ನಮ್ಮನೇಲಿ ನೇಯ್ತಿರೋಳು ಅವಳೇ. ಯುಗಾದೀಲಿ ನೀವು ಕೈಯಲ್ಲಿ ಸವರಿ ಹೊಗಳಿದ್ರಲ್ಲ, ಆ ಸೀರೆನೂ ಅವಳದ್ದೇ. ನಾನು ಸುಮ್ನೆ ಹೊಗಳಿಸ್ಕೊಂಡೆ.”

ನಾನು ಇದೊಂದೂ ತಿಳಿಯದೆ ಬೆವರು ಸುರಿಸುತ್ತ ನೇಯುತ್ತಿದ್ದೆ. ಅವ್ವ ಒಳಗೆ ಬಂದು ಹಲಗೆ ಹಿಡಿದು ನಿಲ್ಲಿಸಿದಾಗ ಕೆಲಸ ಕೆಟ್ಟಿತೆಂದೇ ತಿಳಿದೆ. ನೋಡಿದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ನಾನು ಕೈಕಾಲು ಒರೆಸಿಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ಯಜಮಾನರ ಸಿಟ್ಟು ಅರ್ಧ ಇಳಿದಿತ್ತು. ಮೋಸ ಹೋದ ಕಿವಿ ತಮ್ಮದೇ ಆದ್ದರಿಂದ ಹೆಚ್ಚು ಕೂಗಾಡುವ ಹಾಗೂ ಇರಲಿಲ್ಲ. ಅಪ್ಪ ದೇವಸ್ಥಾನಕ್ಕೆ ತಪ್ಪುಕಾಣಿಕೆ ಕೊಡಬೇಕು, ಗುಂಡಿಗೆ ಕಾಯಿ ಒಡೆಯಬೇಕು ಎಂದು ವಿಧಿಸಿದರು. ಆಮೇಲೆ ನನ್ನ ಕಡೆ ನೋಡದೆ, ಬೀದಿಯ ಕಡೆ ಮುಖ ಮಾಡಿ, ಕಾರ್ಯದರ್ಶಿಗಳಿಗೆ ಹೇಳಿದರು: “ನೇಯ್ತಾಳೆ ಸ್ವಾಮಿ. ನಾನು ನೋಡಿಲ್ಲ, ಕೇಳಿದ್ದೀನಿ. ನಮ್ಮ ಬೀದೀಲಿ ಅದಕ್ಕಿಂತ ಚೆನ್ನಾಗಿ ನೇಯೋ ಗಂಡಸರು ಕಮ್ಮಿ.”

ಅಷ್ಟರಲ್ಲಿ ಕಾರ್ಯದರ್ಶಿಗಳು ಎಲೆಗೆ ಸುಣ್ಣ ಸವರುತ್ತ, ಅಪ್ಪ ಅವ್ವನಿಗೆ ಹೇಳಿದರು. “ಮಗ್ಗ ಕೊಡಿಸ್ತೀನಿ, ಆಯ್ತು. ಇನ್ನೊಂದು ಮಾತು ಈಗಲೇ ಇತ್ಯರ್ಥ ಆಗಲಿ. ಇವಳು ಇನ್ನು ನಮ್ಮ ಲೆಕ್ಕದಲ್ಲಿಲ್ಲ. ನಿಮ್ಮ ಮೇಲೂ ಯಾವ ಜವಾಬ್ದಾರಿ ಇಲ್ಲ, ಹಣ ನಿಂತಿತಲ್ಲ. ಮಗ್ಗ ಇಲ್ಲೇ ಇಡೋದಾದರೆ ಜಾಗಕ್ಕೆ ಏನು ಬಾಡಿಗೆ ತಗೋತೀರಿ ಹೇಳಿಬಿಡಿ, ಆಮೇಲೆ ಜಗಳ ಆಗೋದು ಬೇಡ. ಇಲ್ಲ ಅಂದ್ರೆ ಗುಂಡಿ ಬೇಡ, ಚೌಕಟ್ಟಿನ ಮಗ್ಗ ಕೊಡಿಸೋಣ. ಇವಳು ಎಲ್ಲಿಗೆ ಬೇಕಾದರೂ ಎತ್ಕೊಂಡು ಹೋಗಬಹುದು.”

ಅವರು ನನ್ನ ಒಳ್ಳೆಯದಕ್ಕೇ ಕೇಳಿದ್ದು. ಆದರೆ ಇಷ್ಟು ವರ್ಷ ನಾನು ಕೇಳಲು ಹೆದರಿದ್ದನ್ನು ಅವರು ಎಲೆ ಮಡಚುತ್ತ ಕೇಳಿಬಿಟ್ಟಿದ್ದರು. ಅಪ್ಪ ಅವ್ವನ ಮುಖ ನೋಡಿದ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಒಳಗೆ ಹೋದಳು. ನಾನು ನೆಲ ನೋಡುತ್ತ ನಿಂತೆ. ಚೌಕಟ್ಟಿನ ಮಗ್ಗವೇ ಗತಿ ಎಂದುಕೊಂಡೆ. ಎಲ್ಲಿ ಇಟ್ಟರೂ ಸರಿ, ನೇಯ್ದೇ ತಿನ್ನುತ್ತೇನೆ, ಇವರ ಮುಂದೆ ಅಳುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡೆ.

ಒಳಗಿನಿಂದ ನೀರು ಚೆಲ್ಲಿ ಕೆಂಡ ಚುರ್ ಎಂದ ಸದ್ದು ಬಂತು. ಅದರ ಹಿಂದೆಯೇ ಧಡ್ ಎಂದು ಏನೋ ಒಡೆದ ಸದ್ದು.

ಎಲ್ಲರೂ ಓಡಿದೆವು. ನಮ್ಮದು ಚಿಕ್ಕ ಮನೆ. ಅಪ್ಪನ ಮಗ್ಗದ ಜಾಗ ಬಿಟ್ಟರೆ ನೇಯುವಷ್ಟು ಬೆಳಕು ಇದ್ದದ್ದು ಅಡುಗೆಯ ಮೂಲೆಯ ಕಿಟಕಿಯ ಕೆಳಗೆ ಮಾತ್ರ. ಅಲ್ಲಿ ಅವ್ವನ ಒಲೆ. ಮದುವೆಯಾಗಿ ಬಂದ ವರ್ಷ ಅವಳೇ ಕೈಯಾರೆ ಹಾಕಿದ ಒಲೆ, ದಿನಾ ಬೆಳಿಗ್ಗೆ ಸಾರಿಸಿ ರಂಗೋಲಿ ಎಳೆಯುತ್ತಿದ್ದದ್ದು. ಅವ್ವ ಹಾರೆ ಹಿಡಿದು ಅದನ್ನು ಒಡೆಯುತ್ತಿದ್ದಳು.

“ಏನ್ ಮಾಡ್ತಿದೀಯೇ, ಹುಚ್ಚು ಹಿಡೀತಾ?” ಎಂದ ಅಪ್ಪ.

“ಒಲೆ ಹಿತ್ಲಲ್ಲೂ ಉರೀತದೆ” ಎಂದಳು ಅವ್ವ, ಹಾರೆ ನಿಲ್ಲಿಸದೆ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಕಾರ್ಯದರ್ಶಿಗಳ ಕಡೆ ತಿರುಗಿದಳು. “ಚೌಕಟ್ಟಿನ ಮಗ್ಗ ಆದ್ರೆ ಎತ್ಕೊಂಡು ಹೋಗ್ಬೋದು ಅಂದ್ರಲ್ಲ ಸ್ವಾಮಿ. ಅದು ಬ್ಯಾಡ. ಗುಂಡಿ ಮಗ್ಗಾನೇ ಕೊಡ್ಸಿ. ಗುಂಡಿ ಎತ್ಕೊಂಡು ಎಲ್ಲಿಗೆ ಹೋಗ್ತಾಳೆ ನಾನೂ ನೋಡ್ತೀನಿ.”

ಅಳುವುದಿಲ್ಲ ಎಂದುಕೊಂಡವಳು ಗೊಳೋ ಎಂದು ಅತ್ತೆ. ಯಜಮಾನರು, ಕಾರ್ಯದರ್ಶಿಗಳು ಯಾರ ಕಡೆಗೂ ನನಗೆ ಲಕ್ಷ್ಯವಿರಲಿಲ್ಲ. ಆಮೇಲೆ ಅವ್ವನ ಕೈಯಿಂದ ಹಾರೆ ಕಿತ್ತುಕೊಂಡೆ. ಅವಳಿಗೆ ಸೊಂಟ ನೋವು, ಬಗ್ಗಿ ತೋಡಲು ಆಗುತ್ತಿರಲಿಲ್ಲ. ಅಪ್ಪ ಮಣ್ಣು ಬಾಚಿದ, ಅವ್ವ ಬುಟ್ಟಿಯಲ್ಲಿ ಹೊತ್ತು ಹಿತ್ತಿಲಿಗೆ ಹಾಕಿದಳು. ಸಂಜೆಯ ಹೊತ್ತಿಗೆ ಗುಂಡಿ ಮಂಡಿಯಾಳ ಆಗಿತ್ತು. ಹಿತ್ತಿಲಲ್ಲಿ ಕಲ್ಲು ಹೂಡಿ ಬೇಯಿಸಿದ ಮುದ್ದೆ ಅಂದು ಹೊಗೆ ನಾರುತ್ತಿತ್ತು. ಮೂವರೂ ಗುಂಡಿಯ ಅಂಚಿನಲ್ಲೇ ಕಾಲು ಇಳಿಬಿಟ್ಟು ಕೂತು ಅದನ್ನು ತಿಂದೆವು.